ಆಳೆತ್ತರವೂ ಸಂಬಳವೂ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ನಮ್ಮ ಹಿರಿಯರು ಹೇಳಿದರು. ಸಂಬಳ ಕೊಡುವವರು ಮಾತ್ರ ಈ ಗಾದೆಯನ್ನು ಅಷ್ಟಾಗಿ ನಂಬಿದಂತೆ ತೋರುವುದಿಲ್ಲ. ಇಂಗ್ಲೆಂಡು, ಅಮೆರಿಕಗಳಲ್ಲಿ ಲೆಕ್ಕ ಹಾಕಿದವರು, ನೀಳಕಾಯರಿಗೆ ಗಿಡ್ಡರಿಗಿಂತ ಸರಾಸರಿಯಲ್ಲಿ ಹೆಚ್ಚು ಗಳಿಕೆಯುಂಟೆಂದು ಕಂಡಿದ್ದಾರೆ. ಮೂಟೆ ಹೊರುವಲ್ಲಿ ಇದು ಸಹಜವೆನ್ನೋಣ. ಮೇಜಿನ ಮುಂದೆ ಕುಳಿತು ಬರೆಯುವವನಿಗೆ ಎತ್ತರವೇತಕ್ಕೆ?

ಆನ್ ಕೇಸ್, ಕ್ರಿಸ್ಟಿನಾ ಪ್ಯಾಕ್ಸನ್ ಎಂಬ ವಿದುಷಿಯರು 2008ರಲ್ಲಿ ಇದಕ್ಕೊಂದು ಸಮಾಧಾನವನ್ನು ಕೊಟ್ಟರು. ಎಳವೆಯಲ್ಲಿ ಅನ್ನಾರೋಗ್ಯಗಳು ಚೆನ್ನಾಗಿ ದೊರೆತ ಮಗುವಿಗೆ ಮೈಯೂ ಬೆಳೆಯುತ್ತದೆ, ಬುದ್ಧಿಯೂ ಬೆಳೆಯುತ್ತದೆ. ಸಂಬಳವು ಬುದ್ಧಿಯನ್ನು ಹಿಂಬಾಲಿಸುತ್ತದೆ, ಎತ್ತರವು ಅದರ ಗುರುತು ಮಾತ್ರ. ನಮಗೆ ಈ ಮಾತು ಬಹುಮಟ್ಟಿಗೆ ಒಪ್ಪಿಗೆಯಾಗಿದೆ. ಆದರೆ ಗುರುತನ್ನೇ ಗುಣವೆಂದು ತಿಳಿದು ಬಾಗಿಲಲ್ಲಿ ಅಳತೆಗೋಲು ನಿಲ್ಲಿಸಿದರೇನು ಗತಿ?

ಉತ್ತರ ಕನ್ನಡ ಜಿಲ್ಲೆಯ ರಾಮನಗರವನ್ನು ನೋಡೋಣ. ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತು. ನೆಲೆ ತಪ್ಪಿದವರಲ್ಲಿ ಅನೇಕರು ಬಂದು ಸೇರಿದ್ದು ಇಲ್ಲಿಗೆ. ಹೊಲವಿಲ್ಲದ ಮನೆಯ ಹುಡುಗನಿಗೆ ತಿಂಗಳ ಸಂಬಳದ ಆಸೆಯೆಂದರೆ ಪೊಲೀಸು ಕೆಲಸವೂ ಒಂದು. ಆ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಗಂಡಸು 168 ಸೆಂಟಿಮೀಟರು, ಹೆಂಗಸು 157 ಸೆಂಟಿಮೀಟರು ಇರಬೇಕು. 1996ರಲ್ಲಿ ಹುಟ್ಟಿದ ಭಾರತೀಯ ಗಂಡಸರ ಸರಾಸರಿಯೋ ಸುಮಾರು 165, ಹೆಂಗಸರದು ಸುಮಾರು 153. ಎಂದರೆ ಅರ್ಧಕ್ಕಿಂತ ಹೆಚ್ಚು ಜನ, ಬರೆಯುವುದಕ್ಕೂ ಓಡುವುದಕ್ಕೂ ಮುಂಚೆಯೇ ಹೊರಗಾದರು!

ಬುಡಕಟ್ಟಿನವರಿಗೆ ಈ ಅಳತೆಯನ್ನು ತಗ್ಗಿಸಿರುವುದುಂಟು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಇಲ್ಲಿಯ ಸಿದ್ದಿಯರಿಗೆ ಅದು ನೆರವಾಗಬಲ್ಲುದು. ಅದೇ ಕಾಡಿನಲ್ಲಿ ಗೆಡ್ಡೆಗೆಣಸು ಬೆಳೆದು ಬಾಳಿದ ಜೋಯಿಡಾದ ಕುಣಬಿಗಳು ಆ ಪಂಗಡಕ್ಕೆ ಸೇರಿಸಿರೆಂದು ಬಹುಕಾಲ ಬೇಡಿದವರು. ಒಂದೇ ಮಳೆಯಲ್ಲಿ ನೆನೆದು ಬೆಳೆದ ಇಬ್ಬರು ಹುಡುಗರಿಗೆ ಅಳತೆಗೋಲುಗಳು ಎರಡು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದಿತು. ಇಪ್ಪತ್ತರ ಯುವಕನನ್ನು ಗೋಡೆಗೆ ನಿಲ್ಲಿಸಿ ನಾವು ಅಳೆಯುತ್ತಿರುವುದು, ಎರಡು ವರ್ಷದ ಕೂಸಿಗೆ ಸಿಕ್ಕದೆ ಹೋದ ಹಾಲನ್ನು, ವಾಸಿಯಾಗದ ಭೇದಿಯನ್ನು. ಗುಂಪಿನ ನಡುವೆ ಪೊಲೀಸಿನವನು ಎದ್ದು ಕಾಣಬೇಕೆಂದು ವಾದಿಸುವವರಿದ್ದಾರೆ. ಪೇಟ ಕಟ್ಟಿದರೂ ಆದೀತು. ಗಂಡು ಅಭ್ಯರ್ಥಿಗಳಿಗೆ 1600 ಮೀಟರು ಓಟದ ಪರೀಕ್ಷೆ ಹೇಗೂ ಇದೆ. ಕಳ್ಳನನ್ನು ಅಟ್ಟಿ ಹಿಡಿಯಲು ಅದು ಸಾಲದೆ ಹೋದುದು ಯಾವ ಕಾರಣದಿಂದೆಂದು ಇಲಾಖೆಯವರೇ ಅಪ್ಪಣೆ ಕೊಡಿಸಬೇಕು.