ಹಳದಿ ಮರಿ ಹಸಿರಾಗುವ ಬಗೆ



ಹಾವು ಪೊರೆ ಬಿಟ್ಟಾಗಲೆಲ್ಲ ಬಣ್ಣ ಬದಲಿಸುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ನೀವು ಎಂದಾದರೂ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಆಚೆ ಬದಿ ಕಾಣುವಷ್ಟು ತೆಳು ಅದು. ಬಣ್ಣದ ಕೋಶಗಳು ಅದರ ಕೆಳಗಿನ ಚರ್ಮದಲ್ಲಿ ಭದ್ರವಾಗಿರುತ್ತವೆ. ಪೊರೆ ಬಿಡುವ ಮುಂಚೆ ಹಾವು ಮಂಕಾಗುತ್ತದೆ, ಕಣ್ಣಿಗೆ ಹಾಲಿನ ಬಣ್ಣ ಬರುತ್ತದೆ. ಬಿಟ್ಟ ಮೇಲೆ ಮಿರಮಿರ ಮಿಂಚುತ್ತದೆ. ನಮಗೆ ಅದೇ ಹೊಸ ಬಣ್ಣ!

ನಿಜವಾಗಿ ಬಣ್ಣ ಬದಲಿಸುವ ಹಾವೊಂದಿದೆ. ನ್ಯೂಗಿನಿ ದ್ವೀಪ ಮತ್ತು ಆಸ್ಟ್ರೇಲಿಯದ ಕೇಪ್ ಯಾರ್ಕ್ ಕಾಡಿನ ಹಸಿರು ಹೆಬ್ಬಾವು. ವಿದೇಶಗಳಲ್ಲಿ ಹಾವು ಸಾಕುವವರಿಗೆ ಇದೆಂದರೆ ಪ್ರಾಣ. ಮೊಟ್ಟೆಯಿಂದ ಬರುವ ಮರಿ ಅಚ್ಚ ಹಳದಿ, ಕೆಲವೆಡೆ ಇಟ್ಟಿಗೆ ಕೆಂಪು. ಸುಮಾರು ಎರಡು ಅಡಿ ಉದ್ದಕ್ಕೆ ಬರುವ ಹೊತ್ತಿಗೆ, ಅಂದರೆ ವರುಷದ ಆಸುಪಾಸಿನಲ್ಲಿ, ಹಸಿರಾಗತೊಡಗುತ್ತದೆ. ಹಳದಿ ಎಲ್ಲಿಗೂ ಹೋಗುವುದಿಲ್ಲ. ಅದರಡಿಯ ಕೋಶಗಳಲ್ಲಿರುವ ಸಣ್ಣ ಹರಳುಗಳು ನೀಲಿ ಬೆಳಕನ್ನು ಚದುರಿಸುತ್ತವೆ. ಆ ನೀಲಿ ಮೇಲಿನ ಹಳದಿಯ ಮೂಲಕ ಬಂದಾಗ ನಮ್ಮ ಕಣ್ಣಿಗೆ ಹಸಿರು. ಮ್ಯೂಸಿಯಮ್ಮಿನ ಸೀಸೆಯಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಹಸಿರು ಹಾವು ಕ್ರಮೇಣ ನೀಲಿಯಾಗುವುದೂ ಇದಕ್ಕೇ. ಹಳದಿ ಕರಗಿಹೋಗುತ್ತದೆ, ನೀಲಿ ಉಳಿಯುತ್ತದೆ.

ಏಕೆ ಈ ವೇಷ? ಮರಿ ಕಾಡಿನ ಅಂಚಿನಲ್ಲಿ, ನೆಲದ ಹತ್ತಿರ ಓಡಾಡಿ ಸಣ್ಣ ಹಲ್ಲಿಗಳನ್ನು ಹಿಡಿಯುತ್ತದೆ. ಬೆಳೆದದ್ದು ಮರದ ಮೇಲಿನ ಎಲೆಗಳ ನಡುವೆ ಸೇರುತ್ತದೆ. ಎರಡೂ ಕಡೆ ಹಕ್ಕಿಯ ಕಣ್ಣು ತಪ್ಪಿಸಬೇಕಲ್ಲ.

ಆದರೆ ಈ ಹಾವಿನ ಚೆಲುವೇ ಅದಕ್ಕೆ ಮುಳುವಾಗಿದೆ. ಇಂಡೋನೇಷ್ಯದಿಂದ 'ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದು' ಎಂಬ ಚೀಟಿಯೊಂದಿಗೆ ರಫ್ತಾಗುತ್ತಿದ್ದ ಹಸಿರು ಹೆಬ್ಬಾವುಗಳಲ್ಲಿ ಕನಿಷ್ಠ ಶೇಕಡಾ 80 ಕಾಡಿನಿಂದ ಹಿಡಿದವೇ ಎಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಮುಂಬಯಿ, ಹೈದರಾಬಾದುಗಳಲ್ಲಿ ವಿದೇಶಿ ಹಾವಿನ ಮರಿ ಕೊಡಿಸುತ್ತೇವೆ ಎನ್ನುವವರು ನಿಮ್ಮ ಮಕ್ಕಳ ಮೊಬೈಲಿಗೂ ಚಿತ್ರ ಕಳಿಸಿಯಾರು. ನಮ್ಮ ದೇಶದ ಕಾಡುಹಾವನ್ನು ಮನೆಯಲ್ಲಿಡಲು 1972ರ ವನ್ಯಜೀವಿ ಕಾಯಿದೆ ಬಿಡುವುದಿಲ್ಲ. 2022ರ ತಿದ್ದುಪಡಿಯ ಬಳಿಕ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿರುವ ವಿದೇಶಿ ಜೀವಿಗಳಿಗೂ ನೋಂದಣಿ ಬೇಕು. ಹೆಬ್ಬಾವುಗಳೆಲ್ಲ ಆ ಪಟ್ಟಿಯಲ್ಲಿವೆ. ಮಗು ಹಟ ಹಿಡಿದರೆ, ನನ್ನನ್ನು ಕೇಳಿದರೆ, ಒಳ್ಳೆಯ ಚಿತ್ರಪುಸ್ತಕ ಕೊಡಿಸಿ.

ಇನ್ನು ನಮ್ಮ ಕಾಳಿಂಗ ಸರ್ಪ. ಆಗುಂಬೆಯ ಕಾಡಿನಲ್ಲಿ ಅದರ ಮರಿ ಕಪ್ಪು ಮೈಗೆ ತಿಳಿ ಪಟ್ಟೆ ತೊಟ್ಟಿರುತ್ತದೆ. ಬೆಳೆದಂತೆ ಮೈ ಕಂದಾಗಿ ಪಟ್ಟೆ ಮಾಸುತ್ತದೆ. ತಾಯಿ ಮರಿ ಅಕ್ಕಪಕ್ಕ ಇದ್ದರೆ ಬೇರೆ ಬೇರೆ ಜಾತಿ ಎನ್ನಬೇಕು. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿಗೆ ನಮ್ಮ 'ಕಾಳಿಂಗ'ವನ್ನೇ ಸೇರಿಸಿದರು. ದೂರದ ಊರಿನಲ್ಲಿರುವ ನಮಗೆ ಹಿಗ್ಗು ತರುವ ಸಂಗತಿ.

ಹೀಗಿರುವಾಗ, ನಿಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹಾವಿನ ಮರಿ ಕಂಡರೆ ಬಣ್ಣ ನೋಡಿ ಜಾತಿ ತೀರ್ಮಾನಿಸಬೇಡಿ. ವಿಷದ ಹಾವಿನ ಮರಿಗೆ ಹುಟ್ಟಿನಿಂದಲೇ ವಿಷವಿರುತ್ತದೆ. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಅಕಸ್ಮಾತ್ ಕಚ್ಚಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ಜತೆಗೆ ಒಯ್ಯುವ ಅಗತ್ಯವಿಲ್ಲ.