ಕಾಂಕ್ರೀಟಿನ ನಾಡಿ

ವಿಮಾನಪುರದಲ್ಲಿ ವಾಸವಾಗಿರುವ ನನ್ನಂಥವರಿಗೆ ‘ಲೋಹದ ದಣಿವು’ ಎಂಬ ಮಾತು ಅಪರಿಚಿತವಲ್ಲ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳೆರಡು ಆಕಾಶದಲ್ಲಿಯೇ ಒಡೆದು ಬಿದ್ದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅಂಥದೇ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ನೋಡಿದರು. ಒಮ್ಮೆಯ ಭಾರಕ್ಕೆ ಜಗ್ಗದ ಲೋಹ ಸಾವಿರಾರು ಬಾರಿಯ ಭಾರಕ್ಕೆ ಬಿರುಕು ಬಿಡುತ್ತದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಅಂದಿನಿಂದ ವಿಮಾನದ ಆಯುಷ್ಯವನ್ನು ಲೆಕ್ಕವಿಟ್ಟು ನೋಡುವುದು ರೂಢಿಯಾಗಿದೆ.

ನೆಲದ ಮೇಲಣ ಕಟ್ಟಡಗಳಿಗೆ ಈ ಭಾಗ್ಯ ತಡವಾಗಿ ಬಂದಿತು. ನಮ್ಮ ಮೆಟ್ರೋ ಮೊದಲು ಓಡಿದ್ದು 2011ರ ಅಕ್ಟೋಬರಿನಲ್ಲಿ, ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ, ಹಲಸೂರಿನ ಮನೆಗಳ ಮಾಳಿಗೆಗಳನ್ನು ಸವರಿಕೊಂಡು. ಏಳು ವರ್ಷ ಕಳೆದ ಮೇಲೆ, 2018ರ ಡಿಸೆಂಬರಿನಲ್ಲಿ, ಟ್ರಿನಿಟಿ ನಿಲ್ದಾಣದ ಬಳಿ 155ನೆಯ ಕಂಬದ ಮೇಲಿನ ತೊಲೆಯಲ್ಲಿ ದೋಷ ಕಂಡುಬಂದಿತು. ಕಾಂಕ್ರೀಟು ಗಟ್ಟಿಯಾಗಿ ಕೂರದೆ ಒಳಗೆ ಜೇನುಗೂಡಿನಂತೆ ಪೊಳ್ಳುಗಳು ಉಳಿದಿದ್ದವು. ದುರಸ್ತಿಗಾಗಿ ಇಂದಿರಾನಗರದಿಂದಾಚೆ ರೈಲು ಕೆಲವು ದಿನ ನಿಂತಿತು. ನಾನು ಪ್ರತಿ ವಾರವೂ ಹಾದುಹೋಗುತ್ತಿದ್ದ ದಾರಿಯದು. ಕೆಳಗಿನಿಂದ ನೋಡುವ ಕಣ್ಣಿಗೆ ಆ ತೊಲೆ ಉಳಿದೆಲ್ಲ ತೊಲೆಗಳಂತೆಯೇ ಇತ್ತು.

ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರಷ್ಟೆ. ಗಾರೆ ಮೇಸ್ತ್ರಿ ಸುತ್ತಿಗೆಯಿಂದ ಗೋಡೆಯನ್ನು ತಟ್ಟುವುದೂ ಅದೇ ಶಾಸ್ತ್ರ. ಆದರೆ ಕಿಲೋಮೀಟರುಗಟ್ಟಲೆ ಉದ್ದದ ಮೇಲ್ಸೇತುವೆಯನ್ನು ದಿನವೂ ಯಾರು ತಟ್ಟಬೇಕು? ಈ ಕೆಲಸಕ್ಕೆ ಬಂದಿರುವುದು ಗಾಜಿನ ಎಳೆಯ ಸಂವೇದಕ. ಕೂದಲಿನಷ್ಟು ತೆಳ್ಳನೆಯ ಎಳೆಯೊಳಗೆ ಅತಿ ಸೂಕ್ಷ್ಮವಾದ ಗೆರೆಗಳ ಸಾಲನ್ನು ಮೂಡಿಸಿರುತ್ತಾರೆ. ಬೆಳಕನ್ನು ಹಾಯಿಸಿದರೆ ಒಂದು ಬಣ್ಣ ಮಾತ್ರ ಹಿಂದಿರುಗುತ್ತದೆ. ಎಳೆ ಹಿಗ್ಗಿದರೆ ಹಿಂದಿರುಗುವ ಬಣ್ಣವೂ ತುಸು ಬದಲಾಗುತ್ತದೆ. ಒಂದು ಮೀಟರಿನ ತೊಲೆ ಮಿಲಿಮೀಟರಿನ ಸಾವಿರದ ಒಂದು ಪಾಲು ಹಿಗ್ಗಿದರೂ ಅದು ತಿಳಿಯುತ್ತದೆ. ಈ ಗೆರೆಗಳಿಗೆ ಅಂಟಿರುವ ಹೆಸರು ಬ್ರ್ಯಾಗ್ ಎಂಬ ತಂದೆಮಕ್ಕಳದು. ಅವರಿಬ್ಬರೂ 1915ರ ನೊಬೆಲ್ ಬಹುಮಾನವನ್ನು ಹಂಚಿಕೊಂಡವರು. ನಮ್ಮ ನೆರೆಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಜ್ಞಾನಿಗಳು ‘ನಿಶಾಂತ್’ ಎಂಬ ಚಾಲಕರಹಿತ ವಿಮಾನದಲ್ಲಿ ಇಂಥ ಎಳೆಗಳನ್ನು ಅಳವಡಿಸಿ ಪರೀಕ್ಷಿಸಿದ್ದಾರೆ.

ತೊಡಕಿರುವುದು ಬಿಸಿಲಿನಲ್ಲಿ. ಮೂವತ್ತು ಮೀಟರಿನ ಕಾಂಕ್ರೀಟು ತೊಲೆ, ಹತ್ತು ಡಿಗ್ರಿ ಶಾಖ ಏರಿದರೆ, ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಗಾಜಿನ ಎಳೆಯೂ ಶಾಖಕ್ಕೆ ಸ್ಪಂದಿಸುತ್ತದೆ. ಆದ್ದರಿಂದ ಬಂದ ಅಂಕಿ ರೈಲಿನದೋ, ಬೇಸಗೆಯದೋ, ನಿಜವಾದ ಬಿರುಕಿನದೋ ಎಂದು ಬಿಡಿಸಬೇಕು. ಅದಕ್ಕೆ ತೊಲೆ ಆರೋಗ್ಯವಾಗಿದ್ದಾಗಿನ ಋತುಋತುವಿನ ದಾಖಲೆ ಬೇಕು. ಕಾಯಿಲೆ ಬಿದ್ದ ಮೇಲೆ ಎಳೆ ಅಂಟಿಸಿದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಒಂದೇ ಜಾತಿಯ ವಿಮಾನಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುತ್ತವೆ; ಸೇತುವೆಗಳಾದರೋ ಒಂದೊಂದೂ ಒಂಟಿ.

ಪೀಣ್ಯದ ಮೇಲ್ಸೇತುವೆಯ ಕಥೆ ಬಲ್ಲಿರಿ. ತೊಲೆಗಳನ್ನು ಬಿಗಿಹಿಡಿದಿದ್ದ ಉಕ್ಕಿನ ಹುರಿಗಳು ಕೆಟ್ಟಿರುವುದು ತಿಳಿದು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ಲಘು ವಾಹನಗಳನ್ನು ಬೇಗ ಬಿಟ್ಟರೂ, ಲಾರಿಗಳು 2024ರವರೆಗೆ ಕಾಯಬೇಕಾಯಿತು. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟಿನಲ್ಲಿ ಕುಸಿದು ನಲವತ್ತಮೂರು ಜನರನ್ನು ಬಲಿ ತೆಗೆದುಕೊಂಡ ಸೇತುವೆಯ ಉಕ್ಕೂ ಕಾಂಕ್ರೀಟಿನೊಳಗೆ ಅಡಗಿತ್ತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರಲ್ಲಿ ಹದಿಮೂರು ಮಂದಿ ಸತ್ತ ಮೇಲೆ, ಮರುವರ್ಷ ಕಟ್ಟಿದ ಹೊಸ ಸೇತುವೆಯಲ್ಲಿ ಮುನ್ನೂರಕ್ಕೂ ಮಿಕ್ಕು ಸಂವೇದಕಗಳನ್ನು ಹುದುಗಿಸಿದರು.

ಇಲ್ಲಿ ನನಗೊಂದು ಅಳುಕಿದೆ. ಸೇತುವೆಯ ಬಾಳು ನೂರು ವರ್ಷ ಎನ್ನುತ್ತಾರೆ. ಅಂಕಿಗಳನ್ನು ಸಂಗ್ರಹಿಸುವ ಯಂತ್ರ ಅಷ್ಟು ಕಾಲ ಬಾಳದು. ಅದನ್ನು ನಡುನಡುವೆ ಬದಲಿಸುವ ಹಣವನ್ನೂ, ಅಂಕಿಗಳನ್ನು ಓದಬಲ್ಲ ಎಂಜಿನಿಯರನ ಸಂಬಳವನ್ನೂ ಗುತ್ತಿಗೆಯ ಮೊದಲ ದಿನವೇ ಬರೆದಿಡಬೇಕು. ಓದಿದ್ದನ್ನು ವರ್ಷಕ್ಕೊಮ್ಮೆಯಾದರೂ, ಆ ಕಂಬಗಳ ಕೆಳಗೆ ಅಂಗಡಿ ಇಟ್ಟುಕೊಂಡಿರುವವರಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟಿಸಬೇಕು.