ನೂರೆಂಟು ಪೀಸಿನ ಪೆಟ್ಟಿಗೆಯೋ, ಬೇಕಾದ ಹದಿನೈದೋ?



ಹೈದರಾಬಾದಿನಲ್ಲಿ ಗಾಡಿ ಇಲ್ಲದ ಕನ್ನಡ ಮನೆ ಹುಡುಕುವುದು ಕಷ್ಟ. ಕಾಚಿಗುಡದಲ್ಲಿ ತಲೆಮಾರುಗಳಿಂದ ನೆಲೆಸಿದವರಿರಲಿ, ಬೀದರ್, ಕಲಬುರಗಿ, ರಾಯಚೂರಿನಿಂದ ನೌಕರಿಗೆಂದು ಬಂದವರಿರಲಿ, ಬಾಗಿಲ ಮುಂದೆ ಒಂದು ಸ್ಕೂಟರೋ ಬೈಕೋ ಇದ್ದೇ ಇರುತ್ತದೆ. ಮನೆಮನೆಗೆ ಊಟ, ಪಾರ್ಸೆಲ್ ತಲುಪಿಸುವ ಹುಡುಗರಿಗಂತೂ ಗಾಡಿ ನಿಂತರೆ ಆ ದಿನದ ದುಡಿಮೆಯೇ ನಿಂತ ಹಾಗೆ. ಚೈನು ಸಡಿಲವಾಗಿದೆ, ಪ್ಲಗ್ಗಿಗೆ ಕಸ ಹಿಡಿದಿದೆ, ಕನ್ನಡಿ ಅಲುಗಾಡುತ್ತಿದೆ. ಇಂಥ ಹತ್ತು ನಿಮಿಷದ ಕೆಲಸಕ್ಕೂ ಮೆಕ್ಯಾನಿಕ್ ಅಂಗಡಿಯ ಮುಂದೆ ಅರ್ಧ ದಿನ ಕಾಯಬೇಕೇ? ಮನೆಯಲ್ಲೇ ನಾಲ್ಕು ಸ್ಪ್ಯಾನರ್ ಇದ್ದರೆ ಸಾಕಲ್ಲವೇ? ಸಾಕು. ಆದರೆ ಯಾವ ನಾಲ್ಕು? ಇಂದು ಅದನ್ನೇ ಮಾತಾಡೋಣ.

ಟೂಲ್ ಸೆಟ್ ಎಂದಕೂಡಲೇ ಕಣ್ಣಿಗೆ ಬೀಳುವುದು ಪ್ಲಾಸ್ಟಿಕ್ ಪೆಟ್ಟಿಗೆ. ಮುಚ್ಚಳ ತೆಗೆದರೆ ಸಾಲಾಗಿ ಥಳಥಳ ಹೊಳೆಯುವ ನಲವತ್ತಾರು ಪೀಸು, ನೂರೆಂಟು ಪೀಸು. ಬೆಲೆಯೂ ಅಗ್ಗವೆನಿಸುತ್ತದೆ. ಸ್ವಲ್ಪ ತಾಳಿ, ಎಣಿಸಿ ನೋಡಿ. ಅದರಲ್ಲಿ ಹಲವು ಸ್ಕ್ರೂಡ್ರೈವರಿನ ಸಣ್ಣ ತುದಿಗಳು. ಕೆಲವು ಪೆಟ್ಟಿಗೆಗಳಲ್ಲಿ ಇಂಚಿನ ಅಳತೆಯ ಸಾಕೆಟ್‌ಗಳೂ ಇರುತ್ತವೆ. ನಮ್ಮ ಗಾಡಿಗಳ ನಟ್ಟುಗಳೆಲ್ಲ ಮಿಲಿಮೀಟರಿನವು, ಆ ಇಂಚಿನವು ಪೆಟ್ಟಿಗೆಯಲ್ಲೇ ಮಲಗಿರುತ್ತವೆ. ಇನ್ನು ನಲವತ್ತಾರು ಪೀಸಿನ ಸಣ್ಣ ಸೆಟ್ಟಿನ ಹಿಡಿಗೆ ಇರುವುದು ಕಾಲು ಇಂಚಿನ ಚೌಕ. ಸಾಕೆಟ್‌ಗಳು ಸಾಮಾನ್ಯವಾಗಿ 4ರಿಂದ 14 ಮಿ.ಮೀ. ಸಣ್ಣ ಬೋಲ್ಟಿಗೆ ಅದು ಸರಿ. ಚಕ್ರದ ಆಕ್ಸಲ್ ನಟ್ಟಿಗೆ ಆ ಅಳತೆಯೂ ಇಲ್ಲ, ಆ ಹಿಡಿಗೆ ಅಷ್ಟು ತಾಕತ್ತೂ ಇಲ್ಲ. ಹಣ ಎಣಿಕೆಗೆ ಹೋಯಿತು, ಕೆಲಸಕ್ಕೆ ಬರಲಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಗಾಡಿಯನ್ನು ನೋಡಿ. ಸ್ಪ್ಯಾನರಿನ ಮೇಲಿನ ನಂಬರ್ ಎಂದರೆ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಂತರ. ಒಂದು ಸ್ಕೇಲು, ಒಂದು ಕಾಗದ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಹೋಂಡಾ, ಯಮಹಾ, ಸುಜುಕಿಯಂಥ ಜಪಾನ್ ಮೂಲದ ಗಾಡಿಗಳಲ್ಲಿ ಹೆಚ್ಚಾಗಿ ಸಿಗುವುದು 8, 10, 12, 14, 17. ವೆಸ್ಪಾ ಜಾಡಿನ ಹಳೆಯ ಸ್ಕೂಟರುಗಳಲ್ಲಿ 11 ಮತ್ತು 13 ಹೆಚ್ಚು. 12ರ ತಲೆಗೆ 13ರ ಸ್ಪ್ಯಾನರ್ ಹಾಕಿ ಜಗ್ಗಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ. ಆಮೇಲೆ ಅದನ್ನು ಬಿಚ್ಚಿಸಲು ಕೊಡುವ ಹಣ ಸ್ಪ್ಯಾನರಿನ ಬೆಲೆಗಿಂತ ಹೆಚ್ಚಾದೀತು. ಒಂದು ಮಿಲಿಮೀಟರ್ ಎಂದು ಉದಾಸೀನ ಬೇಡ.

ಈಗ ಪಟ್ಟಿ ಬರೆದುಕೊಳ್ಳಿ. ಒಂದು ಕಡೆ ರಿಂಗ್, ಒಂದು ಕಡೆ ತೆರೆದ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರ್ ಐದು: 8, 10, 12, 14, 17. ಟಿ ಸ್ಪ್ಯಾನರ್ ಎರಡು: 10 ಮತ್ತು 12. ಸ್ಕ್ರೂಡ್ರೈವರ್ ಮೂರು: ಸ್ಟಾರ್ ದೊಡ್ಡದೊಂದು, ಸಣ್ಣದೊಂದು, ಚಪ್ಪಟೆಯದೊಂದು. ಕಟಿಂಗ್ ಪ್ಲೇಯರ್ ಒಂದು, ನೋಸ್ ಪ್ಲೇಯರ್ ಒಂದು. ಪ್ಲಗ್ ಸ್ಪ್ಯಾನರ್ ಒಂದು. ಈಚಿನ ಬಹಳಷ್ಟು ಬೈಕುಗಳಿಗೆ ಇದು 16 ಮಿ.ಮೀ., ಹಳೆಯ ದಪ್ಪ ಪ್ಲಗ್ಗಿಗೆ 21. ಹಿಂದಿನ ಆಕ್ಸಲ್ ನಟ್ಟಿಗೆ, ನೀವು ಅಳೆದುಕೊಂಡ ನಂಬರಿನ ದೊಡ್ಡ ಸ್ಪ್ಯಾನರ್ ಒಂದು. ಅಲೆನ್ ಕೀ ಗೊಂಚಲು ಒಂದು. ಅಲ್ಲಿಗೆ ಹದಿನೈದು. ಟಯರಿನ ಗಾಳಿ ನೋಡುವ ಗೇಜ್ ಕೊಂಡರೆ ಇನ್ನೂ ಒಳ್ಳೆಯದು. ಎರಡು ಸಾವಿರ ರೂಪಾಯಿಯ ಆಸುಪಾಸು ಎತ್ತಿಟ್ಟುಕೊಂಡು ಹೊರಡಿ. ಅಷ್ಟು ಒಮ್ಮೆಗೇ ಆಗದಿದ್ದರೆ ಈ ತಿಂಗಳು ಸ್ಪ್ಯಾನರ್, ಮುಂದಿನ ತಿಂಗಳು ಪ್ಲೇಯರ್. ಬಿಡಿಯಾಗಿ ಕೊಳ್ಳುವುದರ ಅನುಕೂಲವೇ ಅದು.

ಬೆಲೆ ಇನ್ನೂ ಇಳಿಯಬೇಕೆಂದರೆ ಎರಡೂ ಕಡೆ ತೆರೆದ ಬಾಯಿಯ ಎಂಟರ ಸೆಟ್ ಇದೆ: 6-7, 8-9, 10-11 ಹೀಗೆ ಸಾಗಿ 20-22ರವರೆಗೆ. ಹದಿನಾರು ಅಳತೆ ಒಟ್ಟಿಗೇ ಸಿಗುತ್ತವೆ. ಆದರೆ ತೆರೆದ ಬಾಯಿ ನಟ್ಟನ್ನು ಎರಡೇ ಮುಖದಲ್ಲಿ ಹಿಡಿಯುತ್ತದೆ, ರಿಂಗ್ ಸುತ್ತಲೂ ಹಿಡಿಯುತ್ತದೆ. ಬಿಗಿದ ನಟ್ಟಿಗೆ ಮೊದಲು ರಿಂಗ್, ಸಡಿಲವಾದ ಮೇಲೆ ತೆರೆದ ಬಾಯಿ. ಸಾಕೆಟ್ ಕೊಳ್ಳುವುದಾದರೆ ಒಳಗೆ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ನಟ್ಟಿಗೆ ಕ್ಷೇಮ.

ಎಲ್ಲಿ ಕೊಳ್ಳುವುದು? ಸಿಕಂದರಾಬಾದಿನ ರಾಣಿಗಂಜ್ ಇರುವುದೇ ಇಂಥ ಸಾಮಾನಿಗೆ. ಅಲ್ಲಿ ತಿರುಪುಳಿ, ಇಕ್ಕಳ ಎಂದರೆ ಅಂಗಡಿಯವರು ಮುಖ ನೋಡಿಯಾರು. ಸ್ಪ್ಯಾನರಿಗೆ ಪಾನಾ, ತಿರುಪುಳಿಗೆ ಪೇಚಕಸ್, ಇಕ್ಕಳಕ್ಕೆ ತೆಲುಗಿನಲ್ಲಿ ಪಟ್ಟಕಾರು. ಪಾನಾ, ಪಕ್ಕಡ್ ಎನ್ನುವ ಮಾತು ನಮ್ಮ ಬೀದರ್, ಕಲಬುರಗಿಯವರಿಗೆ ಊರಿನದೇ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ 10, 12, 14ರ ಒಂದೊಂದು ಬೋಲ್ಟ್ ಇಟ್ಟುಕೊಳ್ಳಿ. ಸ್ಪ್ಯಾನರ್ ಹಾಕಿ ಅಲುಗಿಸಿ. ಲೊಡಲೊಡ ಎಂದರೆ ಕೆಳಗಿಡಿ. ಉಕ್ಕಿನ ಮೇಲೆ ಕಂಪನಿಯ ಹೆಸರು, ಅಳತೆ, ಕ್ರೋಮ್ ವೆನೇಡಿಯಂ ಎಂಬ ಮುದ್ರೆ ಸ್ಪಷ್ಟವಾಗಿದೆಯೇ ನೋಡಿ. ಆ ಮುದ್ರೆಯೊಂದೇ ಸಾಕ್ಷಿಯಲ್ಲ, ಆದ್ದರಿಂದ ಬಿಲ್ ಕೇಳಿ ಪಡೆಯಿರಿ. ನಾಸಿಕದ ಟಪಾರಿಯಾ, ಪಂಜಾಬಿನ ಜಲಂಧರ್ ಮತ್ತು ಲೂಧಿಯಾನದ ಕಾರ್ಖಾನೆಗಳ ಮಾಲು ನಮ್ಮ ಮೆಕ್ಯಾನಿಕರ ಕೈಯಲ್ಲಿ ವರ್ಷಗಟ್ಟಲೆ ಪಳಗಿದ್ದು. ವಿದೇಶಿ ಹೆಸರೇ ಬೇಕೆಂದಿಲ್ಲ.

ಗುರುವಾರದ ಜುಮ್ಮೆರಾತ್ ಬಜಾರಿನಲ್ಲಿ ಹಳೆಯ ಸಾಮಾನೂ ಸಿಗುತ್ತದೆ. ಮೇಲಿನ ತುಕ್ಕಿಗೆ ಹೆದರಬೇಡಿ, ಅದನ್ನು ತಿಕ್ಕಿ ತೆಗೆಯಬಹುದು. ಬಾಯಿ ಅಗಲವಾಗಿದ್ದರೆ, ಸುತ್ತಿಗೆ ಪೆಟ್ಟು ತಿಂದಿದ್ದರೆ, ಬಿರುಕಿದ್ದರೆ ಬೇಡ.

ಕೊಂಡದ್ದಾಯಿತು. ಬಳಸುವಾಗ ನಾಲ್ಕು ಮಾತು ನೆನಪಿಡಿ. ಎಂಜಿನ್ನಿನ ಮೈ ಅಲ್ಯೂಮಿನಿಯಂ. 10ರ ಸ್ಪ್ಯಾನರಿನ ಸಣ್ಣ ಬೋಲ್ಟನ್ನು ಮಣಿಕಟ್ಟಿನ ಬಲದಿಂದಷ್ಟೇ ಬಿಗಿಯಿರಿ. ಹಿಡಿಗೆ ಪೈಪ್ ಸಿಕ್ಕಿಸಿ ತುಳಿದರೆ ಒಳಗಿನ ಮರೆ ಹೋಗುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಅದನ್ನು ಕಡೆಗೆ ಹಾಕಿ. ಕಾರಿದ್ದವರಿಗೆ ಕೈಮುಗಿದು ಹೇಳುವ ಮಾತು: ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗಬೇಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಬೇರೆ ಸ್ಟ್ಯಾಂಡ್ ಬೇಕು. ವಿದ್ಯುತ್ ಗಾಡಿಯ ಬ್ಯಾಟರಿ, ಮೋಟಾರು, ಕಿತ್ತಳೆ ಬಣ್ಣದ ದಪ್ಪ ವೈರುಗಳ ತಂಟೆಗೆ ಹೋಗಬೇಡಿ.

ಬ್ರೇಕಿನ ಕೆಲಸ ಮೆಕ್ಯಾನಿಕನಿಗೇ ಇರಲಿ. ಅವನ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ವಾರಂಟಿ ಇರುವ ಹೊಸ ಗಾಡಿಯಾದರೆ ಎಂಜಿನ್ ಬಿಚ್ಚುವ ಯೋಚನೆಯೂ ಬೇಡ. ಚೈನು, ಪ್ಲಗ್ಗು, ಏರ್ ಫಿಲ್ಟರು, ಬಲ್ಬು, ಕನ್ನಡಿ, ಬ್ಯಾಟರಿ, ಇಷ್ಟು ನಮ್ಮದಾದರೆ ಸಾಕು. ಯಾವುದು ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕ ಹೇಳುತ್ತದೆ. ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಇಲ್ಲಿ ಕೆಸರಿನ ಬದಲು ಗ್ರೀಸು, ಅಷ್ಟೆ. ಈ ಭಾನುವಾರ ಸ್ಕೇಲು ಹಿಡಿದು ಗಾಡಿಯ ಪಕ್ಕ ಕುಳಿತುಕೊಳ್ಳಿ, ಮಕ್ಕಳನ್ನೂ ಕೂರಿಸಿಕೊಳ್ಳಿ. ನಟ್ಟಿನ ನಂಬರುಗಳನ್ನು ಅವರೇ ಬರೆಯಲಿ, ಕನ್ನಡದಲ್ಲೇ ಬರೆಯಲಿ. ಆ ಚೀಟಿ ಕೈಯಲ್ಲಿದ್ದರೆ ಯಾವ ಥಳಥಳಿಸುವ ಪೆಟ್ಟಿಗೆಯೂ ನಿಮ್ಮನ್ನು ಮರುಳು ಮಾಡಲಾರದು.